ದಯಾನಂದ ಹೊಡೆಯದ ಹತ್ತೊಂಬತ್ತು ಗೋಲು

ಗಂಗರಾಜುವಿನ ಎಡಗಾಲಿಗೆ ಆ ದಿನಗಳಲ್ಲಿ ಇದ್ದದ್ದು ಒಂದೇ ಕೆಲಸ, ಕ್ಲಚ್ ಒತ್ತುವುದು. ಕುಣಿಗಲ್ಲಿನಿಂದ ಹುಲಿಯೂರುದುರ್ಗ, ಅಲ್ಲಿಂದ ವಾಪಸ್ ಕುಣಿಗಲ್, ದಿನಕ್ಕೆ ಆರು ಟ್ರಿಪ್ಪು. ಪ್ರೈವೇಟ್ ಬಸ್ಸಿನ ಕ್ಲಚ್ಚು, ಹಾಳಾದ್ದು, ಒತ್ತಿ ಒತ್ತಿ ಸಂಜೆ ಹೊತ್ತಿಗೆ ಮಂಡಿ ಹಿಡಿದುಕೊಂಡುಬಿಡುತ್ತಿತ್ತು. ಏಳು ವರ್ಷದ ಹಿಂದೆ ಇದೇ ಮಂಡಿಯ ಕೆಳಗಿನ ಪಾದ ಏನೇನು ಮಾಡುತ್ತಿತ್ತೆಂದು ಬಲ್ಲವರು ಜಿಲ್ಲೆಯಲ್ಲಿ ಇನ್ನೂರು ಜನವಾದರೂ ಇದ್ದರು. ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಗಂಗರಾಜುವೂ ಬಿಡುತ್ತಿರಲಿಲ್ಲ, ಅದೇ ಅವನ ಹಣೆಬರಹ.

2003ರ ಜೂನ್ ತಿಂಗಳ ಒಂದು ಮಧ್ಯಾಹ್ನ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ನಿಲ್ಲಿಸಿ, ಡ್ರೈವರ್ ಸೀಟಿನಲ್ಲೇ ಕೂತು ಪೊಟ್ಟಣದ ಚಿತ್ರಾನ್ನ ಬಿಚ್ಚಿದ್ದ. ಆಗ ದಯಾನಂದ ಬಂದ. ದಯಾನಂದ ಅಂದರೆ ಗಂಗರಾಜುವಿನ ತಂಗಿ ಶಶಿರೇಖಾಳ ಗಂಡ, ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಯಾವಾಗಲೂ ಇಸ್ತ್ರಿ ಮುರಿಯದ ಶರ್ಟು ಹಾಕುವ ಮನುಷ್ಯ ಅವತ್ತು ಗುಂಡಿಯನ್ನು ಒಂದು ತೂತು ಮೇಲೆ ಕೆಳಗೆ ಹಾಕಿಕೊಂಡು ಬಂದಿದ್ದ.

‘ಭಾವ, ಒಂಚೂರು ಕೆಳಗಿಳಿ. ಮಾತಾಡ್ಬೇಕು.’

‘ಊಟ ಮಾಡ್ತಾ ಇದೀನಿ ಕಣೋ.’

‘ಊಟ ಆಮೇಲ್ ಮಾಡುವಂತೆ, ಇಳಿ.’

ಸ್ಟ್ಯಾಂಡಿನ ಹಿಂದೆ ಹೊಂಗೆಮರದ ಕೆಳಗೆ ನಿಂತು ದಯಾನಂದ ಎರಡು ಹಾಳೆ ಕೊಟ್ಟ. ಒಂದು ಕಚೇರಿಯ ನೋಟೀಸು. ಕ್ರೀಡಾ ಕೋಟಾದಲ್ಲಿ ಕೆಲಸ ಪಡೆದ ಎಚ್. ದಯಾನಂದರ ಸರ್ಟಿಫಿಕೇಟಿನ ಮೇಲೆ ದೂರು ಬಂದಿದೆ, ವಿಚಾರಣಾಧಿಕಾರಿ ಗುರುಸಿದ್ದಯ್ಯನವರು ಇಪ್ಪತ್ತನಾಲ್ಕನೇ ತಾರೀಕು ತುಮಕೂರಿಗೆ ಬರುತ್ತಾರೆ, ಸಾಕ್ಷಿಯಾಗಿ ಆರ್. ಗಂಗರಾಜು ಹಾಜರಾಗತಕ್ಕದ್ದು. ಇನ್ನೊಂದು, ದೂರಿನ ಜೆರಾಕ್ಸು. ಹೆಸರಿಲ್ಲದ ಅರ್ಜಿ, ಮೂಗರ್ಜಿ. ಅಕ್ಷರಗಳೆಲ್ಲ ಹಿಂದಕ್ಕೆ ವಾಲಿದ್ದವು.

‘1996–97ನೇ ಸಾಲಿನಲ್ಲಿ ಶ್ರೇಷ್ಠ ಆಟಗಾರ ಅಂತ ಶೀಲ್ಡು ತೆಗೆದುಕೊಂಡ ದಯಾನಂದ ಒಂದು ಗೋಲನ್ನೂ ಹೊಡೆದವನಲ್ಲ. ಹತ್ತೊಂಬತ್ತು ಗೋಲು ಹೊಡೆದವನು ಹುಲಿಯೂರುದುರ್ಗದ ರಂಗಯ್ಯನ ಮಗ ಗಂಗರಾಜು. ಬೇಕಾದರೆ ಯಾರನ್ನಾದರೂ ಕೇಳಿ. ಇಂತಿ, ಸತ್ಯ ಬಲ್ಲವನು.’

‘ಕೆಲ್ಸ ಹೋಗುತ್ತೆ ಭಾವ,’ ಎಂದ ದಯಾನಂದ. ‘ಬರೀ ಕೆಲ್ಸ ಅಲ್ಲ, ಕೇಸೂ ಹಾಕ್ತಾರಂತೆ. ಶಶಿಗೆ ಈಗ ಆರು ತಿಂಗ್ಳು. ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಅವ್ಳು.’ ಆಮೇಲೆ ನೆಲ ನೋಡಿಕೊಂಡು ಕೇಳಿದ. ‘ನೀನಲ್ಲ ತಾನೆ?’

‘ತಲೆ ಕೆಟ್ಟಿದೆಯೇನ್ಲಾ ನಿಂಗೆ? ನಾನ್ಯಾಕ್ ಬರೀಲಿ?’

‘ಆಯ್ತು ಬುಡು. ಕೇಳ್ದೆ ಅಷ್ಟೇ.’

ಬರೆದವನು ಗಂಗರಾಜುವೇ. ಇದೇ ಬಸ್ ಸ್ಟ್ಯಾಂಡಿನಲ್ಲಿ, ಐದು ವರ್ಷದ ಹಿಂದೆ, ಕಂಡಕ್ಟರ್ ಕೆಲಸ ಮಾಡುತ್ತಿದ್ದಾಗ, ಟಿಕೆಟ್ ಪ್ಯಾಡಿನ ಮೇಲೆ ಹಾಳೆ ಇಟ್ಟುಕೊಂಡು ಬರೆದು ಪೋಸ್ಟ್ ಡಬ್ಬಕ್ಕೆ ಹಾಕಿದ್ದ. ಅದು ಬೆಂಗಳೂರಿನ ಯಾವ ಕಪಾಟಿನ ಯಾವ ಕಡತದಲ್ಲಿ ಐದು ವರ್ಷ ನಿದ್ದೆ ಹೊಡೆಯಿತೋ ದೇವರೇ ಬಲ್ಲ. ಬರೆದಾಗ ಎದ್ದಿದ್ದರೆ ಒಬ್ಬನ ಕೆಲಸ ಹೋಗುತ್ತಿತ್ತು, ಅಷ್ಟೇ. ಈಗ ಎದ್ದು ಕೂತಿತ್ತು, ತಂಗಿಯ ತಾಳಿಯ ಹತ್ತಿರ.

ಇದೆಲ್ಲ ಶುರುವಾದದ್ದು ತುಮಕೂರಿನ ಬಟವಾಡಿಯ ಒಂದು ರೂಮಿನಿಂದ. 1996ರಲ್ಲಿ ಇಬ್ಬರೂ ಬಿ.ಎ. ಓದುತ್ತ ಅಲ್ಲಿ ಒಟ್ಟಿಗೆ ಇದ್ದರು. ದಯಾನಂದ ಗುಬ್ಬಿಯ ಹೊನ್ನಯ್ಯ ಮೇಷ್ಟ್ರ ಮಗ. ಒಂದು ಕ್ಲಾಸು ತಪ್ಪಿಸದವನು, ನೋಟ್ಸಿಗೆ ಬ್ರೌನ್ ಪೇಪರ್ ಹಾಕುವವನು. ಕಾಲೇಜ್ ಟೀಮಿನಲ್ಲಿ ಹದಿನಾರನೆಯವನಾಗಿ ಅವನ ಹೆಸರಿತ್ತು. ಕೆಲಸ ಏನೆಂದರೆ ನಿಂಬೆಹಣ್ಣು ಕತ್ತರಿಸುವುದು, ಚೆಂಡಿಗೆ ಗಾಳಿ ಹೊಡೆಸಿಕೊಂಡು ಬರುವುದು. ಗಂಗರಾಜು ಎಡಚ. ಬರೆಯುವುದೂ ಎಡಗೈ, ಅದಕ್ಕೇ ಅಕ್ಷರ ಹಿಂದಕ್ಕೆ ವಾಲುತ್ತಿತ್ತು; ಒದೆಯುವುದೂ ಎಡಗಾಲು. ಅವನು ಚೆಂಡು ಹಿಡಿದುಕೊಂಡು ಹೊರಟರೆ ಎದುರಾಳಿಯ ಬ್ಯಾಕುಗಳು ಅವನ ಬಲಕ್ಕೆ ಬೀಳುತ್ತಿದ್ದರು, ಇವನು ಎಡಕ್ಕೆ ಹೋಗಿ ಆಗಿರುತ್ತಿತ್ತು.

ಪಿ.ಡಿ. ವೀರಭದ್ರಯ್ಯ, ಅಂದರೆ ಆಟದ ಮೇಷ್ಟ್ರು, ಅವನನ್ನು ಕಂಡರೆ ಪ್ರಾಣ ಬಿಡುತ್ತಿದ್ದರು. ಆ ಪ್ರೀತಿಯೇ ಮುಳುವಾಯಿತು. ಪರೀಕ್ಷೆ ಫೀಸು ಕಟ್ಟುವ ಕೊನೇ ದಿನ ಗುಬ್ಬಿಯಲ್ಲಿ ಮ್ಯಾಚಿತ್ತು. ‘ನೀನು ಮ್ಯಾಚ್ ನೋಡ್ಕೊ, ನಿನ್ನ ಫಾರಂ ನಾನ್ ಆಫೀಸಿಗೆ ಕೊಡ್ತೀನಿ,’ ಅಂದರು ಮೇಷ್ಟ್ರು. ಗಂಗರಾಜು ಗುಬ್ಬಿಗೆ ಹೋಗಿ ಎರಡು ಗೋಲು ಹೊಡೆದು ಬಂದ. ಫಾರಂ ಸ್ಪೋರ್ಟ್ಸ್ ರೂಮಿನಲ್ಲಿ ಹರಿದ ನೆಟ್ಟಿನ ಕೆಳಗೆ ಹಾಗೇ ಬಿದ್ದಿತ್ತು. ಪರೀಕ್ಷೆ ತಪ್ಪಿತು, ಮುಂದಿನ ವರ್ಷದ ವಿದ್ಯಾರ್ಥಿಗಳ ಪಟ್ಟಿಯಿಂದ ಹೆಸರು ಹೋಯಿತು. ಹೆಸರು ಹೋದವನು ಕಾಲೇಜಿನ ಪರವಾಗಿ ಆಡುವಂತಿಲ್ಲ.

‘ಅದಕ್ಕೇನೀಗ?’ ಅಂದರು ವೀರಭದ್ರಯ್ಯ. ತಪ್ಪು ತಮ್ಮದೆಂಬ ಅಳುಕು ಆ ಮುಖದಲ್ಲಿ ಒಂದು ಗುಲಗಂಜಿಯಷ್ಟೂ ಇರಲಿಲ್ಲ. ‘ಈ ಸಲ ದಯಾನಂದನ ಹೆಸ್ರಲ್ಲಿ ಆಡು. ಮುಂದಿನ್ ವರ್ಷ ನಿನ್ ಹೆಸ್ರಲ್ಲೇ ಕ್ಯಾಪ್ಟನ್ ಮಾಡ್ತೀನಿ.’

ಯಾರೂ ಬೆಚ್ಚಿಬೀಳಲಿಲ್ಲ. ಆ ಕಾಲದಲ್ಲಿ ಪ್ರತಿ ಟೀಮಿನಲ್ಲೂ ಇಂಥವರು ಒಬ್ಬರೋ ಇಬ್ಬರೋ ಇರುತ್ತಿದ್ದರು. ಡೂಪ್ ಅನ್ನುತ್ತಿದ್ದರು. ಲಿಸ್ಟಿಗೆ ಫೋಟೊ ಅಂಟಿಸುವ ಕಟ್ಟುನಿಟ್ಟಿರಲಿಲ್ಲ. ಹೆಸರು, ನಂಬರು, ಪ್ರಿನ್ಸಿಪಾಲರ ಸೀಲು, ಮುಗಿಯಿತು. ಎದುರು ಟೀಮಿನವರಿಗೆ ಗೊತ್ತಾದರೂ ಸುಮ್ಮನಿರುತ್ತಿದ್ದರು, ಬಾಯಿ ಬಿಟ್ಟರೆ ಅವರ ಡೂಪೂ ಬಯಲಾಗುತ್ತಿದ್ದ. ಒಟ್ಟು ಜಿಲ್ಲೆಯೇ ಒಬ್ಬರಿಗೊಬ್ಬರು ಕಣ್ಣು ಮುಚ್ಚಿಕೊಂಡು ಫುಟ್‌ಬಾಲ್ ಆಡುತ್ತಿತ್ತು.

ಮೇಷ್ಟ್ರು ಇನ್ನೊಂದು ಶಿಸ್ತು ತಂದರು. ಗ್ರೌಂಡಿನಲ್ಲಿ ಯಾರಾದರೂ ಬಾಯಿ ತಪ್ಪಿ ಗಂಗರಾಜು ಅಂದರೆ ಎರಡು ರೌಂಡ್ ಓಟ. ಹಾಗಾಗಿ ಗ್ರೌಂಡಿನಲ್ಲಿ, ಮೆಸ್ಸಿನಲ್ಲಿ, ಕೊನೆಗೆ ರೂಮಿನಲ್ಲೂ ಅವನು ‘ದಯ’ ಆದ. ನಿಜವಾದ ದಯಾನಂದನನ್ನು ಹುಡುಗರು ‘ಒರಿಜಿನಲ್’ ಅಂತ ಕರೆದು ರೇಗಿಸುತ್ತಿದ್ದರು. ‘ಒರಿಜಿನಲ್ಲು, ನೀರು ತಗೊಂಡ್ ಬಾ.’ ಪಾಪ, ತರುತ್ತಿದ್ದ.

ಆ ಸೀಸನ್ನಿನಲ್ಲಿ ಗಂಗರಾಜು ಹತ್ತೊಂಬತ್ತು ಗೋಲು ಹೊಡೆದ. ಕೊನೆಯದು ಫೈನಲ್ಲಿನಲ್ಲಿ, ಆಟ ಮುಗಿಯಲು ನಾಲ್ಕು ನಿಮಿಷ ಇದ್ದಾಗ. ಕಾರ್ನರ್ ಕಿಕ್ಕು ಎತ್ತರವಾಗಿ ಬಂತು. ಎದೆಗೆ ತಗೊಂಡ, ಚೆಂಡು ನೆಲ ಮುಟ್ಟುವ ಮೊದಲೇ ಎಡಗಾಲಿನಲ್ಲಿ ಬಾರಿಸಿದ. ಗೋಲ್‌ಕೀಪರ್ ಅಲ್ಲಾಡಲಿಲ್ಲ, ನೆಟ್ಟು ಅಲ್ಲಾಡಿತು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು, ‘ದಯ, ದಯ’ ಎಂದು ಕೂಗುತ್ತ ಗ್ರೌಂಡು ಸುತ್ತಿದರು. ಅವತ್ತು ಅವನಿಗೆ ಆ ಹೆಸರು ಚುಚ್ಚಲಿಲ್ಲ. ಸಂತೋಷಕ್ಕೆ ಹೆಸರು ಯಾರದಾದರೇನು ಅಂದುಕೊಂಡ, ಪೆದ್ದ.

ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಜಿಲ್ಲೆಯ ಕಾಲೇಜುಗಳ ಫುಟ್‌ಬಾಲ್ ಸಮಿತಿಯವರು ಎಲ್ಲಾ ಟೀಮುಗಳಿಂದ ಹನ್ನೊಂದು ಮಂದಿಯನ್ನು ಆರಿಸಿ ಸನ್ಮಾನಿಸುತ್ತಿದ್ದರು. ಬೆಸ್ಟ್ ಇಲೆವೆನ್. ಶಾಮಿಯಾನ, ಮೈಕು, ರೇಷ್ಮೆ ಪೇಟ, ನೀಲಿ ಬ್ಲೇಜರ್. ಹನ್ನೊಂದು ಜನ ಬ್ಲೇಜರ್ ಹಾಕಿಕೊಂಡು ಗ್ರೌಂಡಿಗೆ ಓಡಿ ತಂತಮ್ಮ ಜಾಗದಲ್ಲಿ ನಿಲ್ಲಬೇಕು, ಗೋಲ್‌ಕೀಪರ್ ಗೋಲಿನಲ್ಲಿ, ಬ್ಯಾಕುಗಳು ಬ್ಯಾಕಿನಲ್ಲಿ. ಅವರಲ್ಲೇ ಒಬ್ಬ ಇಡೀ ಋತುವಿನ ಶ್ರೇಷ್ಠ ಆಟಗಾರ. ಅವನಿಗೆ ಶೀಲ್ಡು. ಅವನು ಜನರೆದುರು ಖಾಲಿ ಗೋಲಿಗೆ ಒಂದು ಚೆಂಡು ಹೊಡೆದರೆ ಸಮಾರಂಭ ಮುಗಿದ ಹಾಗೆ. ಆ ಸರ್ಟಿಫಿಕೇಟು ಇದ್ದರೆ ಸರ್ಕಾರಿ ಕೆಲಸದ ಕ್ರೀಡಾ ಕೋಟಾಕ್ಕೆ ದಾರಿ ಸಲೀಸು. ಅದಕ್ಕೇ ಅಷ್ಟು ಬೆಲೆ.

1997ರ ಫೆಬ್ರವರಿ. ಗಂಗರಾಜು ಒಗೆದ ಶರ್ಟು ಹಾಕಿಕೊಂಡು ಮೂರನೇ ಸಾಲಿನಲ್ಲಿ ಮೇಷ್ಟ್ರ ಪಕ್ಕ ಕೂತಿದ್ದ. ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದೆ ಏನು. ಆದರೂ ಮೈಕಿನಲ್ಲಿ ‘ಈ ಋತುವಿನ ಶ್ರೇಷ್ಠ ಆಟಗಾರ, ಹತ್ತೊಂಬತ್ತು ಗೋಲುಗಳ ಸರದಾರ, ಎಚ್. ದಯಾನಂದ’ ಎಂದು ಕೂಗಿದಾಗ ಅವನು ಎದ್ದು ನಿಂತುಬಿಟ್ಟ. ಆರು ತಿಂಗಳು ಆ ಹೆಸರಿಗೆ ಓಡಿ ಬಂದ ಮೈ ಅದು, ಅದಕ್ಕೇನು ಗೊತ್ತು. ನಿಜವಾದ ದಯಾನಂದ ಕೂತೇ ಇದ್ದ, ಯಾರನ್ನೋ ಕರೆಯುತ್ತಿದ್ದಾರೆ ಎಂಬಂತೆ.

‘ಕೂತ್ಕೊಳ್ಲಾ,’ ಎಂದು ವೀರಭದ್ರಯ್ಯ ಶರ್ಟು ಹಿಡಿದು ಎಳೆದರು. ಆಮೇಲೆ ಹಿಂದಿನ ಸಾಲಿಗೆ ತಿರುಗಿ, ‘ಏಯ್ ಒರಿಜಿನಲ್, ನಿನ್ನೇ ಕಣೋ, ಹೋಗು.’

ದಯಾನಂದ ಹೋದ. ಅವನ ಅಳತೆಗೆ ಬ್ಲೇಜರ್ ದೊಡ್ಡದಾಯಿತು. ಪೇಟ ಹಣೆಗೆ ಜಾರಿತು. ಖಾಲಿ ಗೋಲಿಗೆ ಚೆಂಡು ಹೊಡೆಯಲು ನಿಂತಾಗ ಅವನು ಬಲಗಾಲಿನ ಹೆಬ್ಬೆರಳಿನಲ್ಲಿ ಚುಚ್ಚಿದ. ಚೆಂಡು ಕಂಬದ ಆಚೆಗೆ ಉರುಳಿಕೊಂಡು ಹೋಯಿತು. ಗಂಗರಾಜು ಕಣ್ಣು ಮುಚ್ಚಿಕೊಂಡ. ಬೇರೆ ಕಾಲೇಜಿನ ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಕಿಸಕಿಸ ನಕ್ಕರು. ‘ಸಂತೋಷಕ್ಕೆ ಕಾಲು ನಡುಗ್ತಾ ಇದೆ,’ ಎಂದರು ಮೈಕಿನವರು. ಚಪ್ಪಾಳೆಯೋ ಚಪ್ಪಾಳೆ.

ಸಾಯಂಕಾಲ ರೂಮಿಗೆ ಬಂದು ದಯಾನಂದ ಶೀಲ್ಡನ್ನು ಗಂಗರಾಜುವಿನ ಹಾಸಿಗೆಯ ಮೇಲೆ ಇಟ್ಟ. ‘ಇದು ನಿಂದು ಕಣೋ. ನಿನ್ ಹತ್ರಾನೇ ಇರ್ಲಿ.’

‘ನನ್ ಹೆಸ್ರು ಎಲ್ಲೈತೆ ಅದ್ರ ಮೇಲೆ? ತಗೊಂಡೋಗು,’ ಎಂದ ಗಂಗರಾಜು. ಇವತ್ತಿಗೂ ಅವನಿಗೆ ಇದು ಅರ್ಥವಾಗಿಲ್ಲ, ಅವತ್ತು ಯಾಕೆ ಹಾಗಂದೆ ಅಂತ. ಬಾಯಿಗೆ ಬಂದ ರೋಷ, ಅಂದ. ದಯಾನಂದ ತಗೊಂಡು ಹೋದ.

ಮುಂದಿನ ವರ್ಷದ ಕ್ಯಾಪ್ಟನ್‌ಗಿರಿ ಬರಲೇ ಇಲ್ಲ. ವೀರಭದ್ರಯ್ಯನವರಿಗೆ ಬೇರೆ ಎಡಗಾಲಿನವನು ಸಿಕ್ಕಿದ್ದ. ಮತ್ತೆ ಅಡ್ಮಿಷನ್ ಮಾಡಿಸಿ ಎಂದು ಗಂಗರಾಜು ಮೂರು ಸಲ ಹೋಗಿ ನಿಂತ, ಮೂರು ಸಲವೂ ‘ನಾಳೆ ಬಾ’. ನಾಲ್ಕನೇ ಸಲ ಹೋಗದೆ ಕುಣಿಗಲ್ಲಿನಲ್ಲಿ ಬಸ್ಸು ಹತ್ತಿ ಕಂಡಕ್ಟರ್ ಆದ. 1998ರಲ್ಲಿ ದಯಾನಂದನಿಗೆ ಸರ್ಕಾರಿ ಕೆಲಸ ಆಯಿತೆಂಬ ಸುದ್ದಿ ಬಸ್ಸಿನಲ್ಲೇ ಸಿಕ್ಕಿತು, ಹಳೇ ಟೀಮಿನವನೊಬ್ಬ ಟಿಕೆಟ್ ತಗೊಳ್ಳುತ್ತ ನಗುನಗುತ್ತ ಹೇಳಿದ. ಗಂಗರಾಜು ಚಿಲ್ಲರೆ ಕೊಟ್ಟ, ಸೀಟಿ ಊದಿದ. ಟ್ರಿಪ್ಪು ಮುಗಿಸಿ ಬಂದು ಕಾಗದ ಬರೆದ. ತನ್ನ ಹೆಸರನ್ನು ಯಾರೋ ಮೂರನೆಯವರು ಬರೆದಂತೆ ಬರೆದ. ಹತ್ತೊಂಬತ್ತು ಗೋಲಿನ ಪಕ್ಕದಲ್ಲಿ ಗಂಗರಾಜು ಎಂಬ ಹೆಸರು ಒಂದು ಹಾಳೆಯ ಮೇಲಾದರೂ ಇರಲಿ ಎಂಬುದೇ ಅವನ ಆಸೆ. ಯಾರನ್ನೂ ಹಾಳು ಮಾಡಬೇಕೆಂದಿರಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಸುಳ್ಳು. ಅವತ್ತು ಹಾಳಾಗಲಿ ಅಂತಲೇ ಬರೆದಿದ್ದ.

ಎರಡು ವರ್ಷ ಕಳೆದ ಮೇಲೆ ಹೊನ್ನಯ್ಯ ಮೇಷ್ಟ್ರು ಗುಬ್ಬಿಯಿಂದ ಹೆಣ್ಣು ಕೇಳಿಕೊಂಡು ಬಂದರು. ದಯಾನಂದನೇ ಹಟ ಹಿಡಿದಿದ್ದನಂತೆ, ಮಾಡಿಕೊಂಡರೆ ಗಂಗರಾಜುವಿನ ತಂಗಿಯನ್ನೇ ಎಂದು. ಉಪಕಾರಕ್ಕೋ ಭಯಕ್ಕೋ, ಅವನಿಗೇ ಗೊತ್ತು. ಗಂಗರಾಜುವಿನ ಅಪ್ಪ ರಂಗಯ್ಯ ಮಗನನ್ನೂ ಕರೆದುಕೊಂಡು ಗಂಡಿನ ಮನೆ ನೋಡಲು ಹೋದಾಗ ಶೋಕೇಸಿನಲ್ಲಿ ಶೀಲ್ಡು ಕಂಡರು. ಮನೆಯಲ್ಲಿ ಯಾರಿಗೂ ಡೂಪಿನ ವಿಷಯ ಗೊತ್ತಿರಲಿಲ್ಲ. ಮಗ ತುಮಕೂರಿನಲ್ಲಿ ಚೆಂಡು ಒದ್ದುಕೊಂಡು ಪರೀಕ್ಷೆ ಕೆಡಿಸಿಕೊಂಡ ಎಂಬುದೊಂದೇ ಅವರಿಗೆ ಗೊತ್ತಿದ್ದದ್ದು.

‘ನೋಡ್ಲಾ,’ ಎಂದರು ರಂಗಯ್ಯ, ಎಲ್ಲರ ಎದುರಿಗೆ. ‘ಆಡುದ್ರೆ ಹಿಂಗಾಡ್ಬೇಕು. ನೀನೂ ಒದ್ದೆ, ಏನ್ ಬಂತು?’

ದಯಾನಂದ ಕಾಫಿ ಲೋಟ ಕೆಳಗಿಟ್ಟು ಒಳಗೆ ಎದ್ದು ಹೋದ. ಗಂಗರಾಜು ‘ಹೂನಪ್ಪ’ ಎಂದ. ಆ ಎರಡು ವರ್ಷದಲ್ಲಿ ಕಾಗದದಿಂದ ಏನೂ ಆಗದ್ದರಿಂದ ಅದು ಯಾವುದೋ ಕಸದ ಬುಟ್ಟಿ ಸೇರಿರಬೇಕೆಂದುಕೊಂಡು ಮದುವೆಗೆ ಒಪ್ಪಿಗೆ ಕೊಟ್ಟ. ಧಾರೆಯ ದಿನ ತಾನೇ ಓಡಾಡಿ ಊಟ ಬಡಿಸಿದ.

ಈಗ ಆ ಕಾಗದ ಎದ್ದು ಬಂದಿತ್ತು. ದಯಾನಂದನಿಗೆ ಇನ್ನೊಂದು ಹೆದರಿಕೆ. ಈ ಗುರುಸಿದ್ದಯ್ಯ ಬಲು ಖಡಕ್ಕಂತೆ, ಇನ್ನೊಂದು ಜಿಲ್ಲೆಯಲ್ಲಿ ಕಬಡ್ಡಿ ಸರ್ಟಿಫಿಕೇಟಿನವನನ್ನು ಅಂಗಳದಲ್ಲೇ ರೇಡ್ ಮಾಡಿಸಿ ನೋಡಿದರಂತೆ. ‘ಒದ್ದು ತೋರ್ಸಿ ಅಂದ್ರೆ ಏನ್ ಮಾಡ್ಲಿ? ಅವತ್ತಿನ್ ಪೇಪರಿನಾಗೆ ಎಡಗಾಲು ಅಂತ ಬೇರೆ ಬಂದೈತೆ.’

ಹಾಗಾಗಿ ಎರಡು ಭಾನುವಾರ ಗಂಗರಾಜು ರಜೆ ಹಾಕಿ ತುಮಕೂರಿನ ಮರಳೂರಿಗೆ ಹೋದ. ತಂಗಿಯ ಮನೆ ಎದುರಿನ ಖಾಲಿ ಸೈಟಿನಲ್ಲಿ ದಯಾನಂದನಿಗೆ ಎಡಗಾಲಿನಲ್ಲಿ ಒದೆಯುವುದನ್ನು ಕಲಿಸಿದ. ತನ್ನ ಆಟವನ್ನು ತಾನೇ ಅವನಿಗೆ ಕಲಿಸುವ ಹಣೆಬರಹ ಯಾವ ಶತ್ರುವಿಗೂ ಬೇಡ. ದಯಾನಂದನಿಗೆ ಅಷ್ಟು ಹೊತ್ತಿಗೆ ಹೊಟ್ಟೆ ಬಂದಿತ್ತು. ಬಲಗಾಲು ಊರಿ ಎಡಗಾಲು ಬೀಸಿದರೆ ಮೈ ತೂಗಿ ದೊಪ್ಪನೆ ಕೂರುತ್ತಿದ್ದ. ಶಶಿರೇಖಾ ಬಾಗಿಲಲ್ಲಿ ಕಾಫಿ ಹಿಡಿದು ನಿಂತು ನಗುತ್ತಿದ್ದಳು. ‘ಎಷ್ಟು ವರ್ಷ ಆಯ್ತೋ ಪಾಪ ಇವ್ರು ಆಡಿ. ಮರ್ತೇ ಹೋಗೈತೆ.’

‘ಚೆಂಡಿನ ಪಕ್ಕ ಕಾಲೂರು. ಕಣ್ಣು ಚೆಂಡಿನ್ ಮೇಲಿರ್ಲಿ. ಮಂಡಿ ಬಿಗಿ ಹಿಡೀಬೇಡ ಕಣೋ,’ ಎಂದು ಹೇಳಿ ಹೇಳಿ ಸಾಕಾಗಿ ಗಂಗರಾಜು ಚಪ್ಪಲಿ ಬಿಟ್ಟು ಒಂದು ಸಲ ತಾನೇ ಹೊಡೆದ. ಚೆಂಡು ಸೈಟು ದಾಟಿ, ಎದುರು ಕಾಂಪೌಂಡಿನ ಮೂಲೆ ಇಟ್ಟಿಗೆಗೆ ಬಡಿದು ವಾಪಸ್ ಅವನ ಕಾಲ ಹತ್ತಿರಕ್ಕೇ ಬಂದು ನಿಂತಿತು. ಆರು ವರ್ಷದ ಮೇಲೆ ಮೊದಲ ಸಲ. ಅವನು ಪಾದದಿಂದ ಚೆಂಡನ್ನು ಒತ್ತಿ ಹಿಡಿದ.

‘ಅಣ್ಣಯ್ಯ, ನೀನೂ ಇಷ್ಟ್ ಚೆನ್ನಾಗ್ ಆಡ್ತಿದ್ಯಾ?’ ಶಶಿರೇಖಾಳ ನಗು ನಿಂತಿತ್ತು.

‘ಇಲ್ಲ ಕಣೆ. ಕ್ಲಚ್ ಒತ್ತೋ ಕಾಲು, ಅದ್ಕೇ ಜೋರು.’

ಅವಳು ನಂಬಿದಳು. ಅಣ್ಣ ಸುಳ್ಳು ಹೇಳುತ್ತಾನೆಂದು ಅವಳಿಗೆ ಯಾಕೆ ಅನಿಸಬೇಕು?

ಇಪ್ಪತ್ತನಾಲ್ಕನೇ ತಾರೀಕು ಕಚೇರಿಯ ಮೊಗಸಾಲೆಯ ಬೆಂಚಿನ ಮೇಲೆ ವೀರಭದ್ರಯ್ಯ ಕೂತಿದ್ದರು. ರಿಟೈರಾಗಿದ್ದರು, ಕೂದಲು ಪೂರಾ ಹಣ್ಣಾಗಿತ್ತು. ತಮ್ಮ ಹೇಳಿಕೆ ಕೊಟ್ಟು ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಗಂಗರಾಜುವನ್ನು ಕಂಡು ಮುಖ ಅರಳಿತು.

‘ಏನ್ಲಾ ದಯ, ಚೆನ್ನಾಗಿದೀಯಾ?’

ಬಾಯಿ ತಪ್ಪಿ ಬಂದದ್ದಲ್ಲ. ಅವರಿಗೆ ನೆನಪಿದ್ದದ್ದೇ ಆ ಹೆಸರು. ನಿಜವಾದ ಹೆಸರು ತಲೆಯಿಂದ ಅಳಿಸಿಹೋಗಿತ್ತು. ‘ಚೆನ್ನಾಗಿದೀನಿ ಸಾರ್,’ ಎಂದು ಗಂಗರಾಜು ಒಳಗೆ ಹೋದ. ಫಾರಂ ಯಾಕೆ ಕೊಡಲಿಲ್ಲ ಅಂತ ಅವರ ಕೊರಳುಪಟ್ಟಿ ಹಿಡಿದು ಕೇಳಬೇಕೆಂದು ಎಷ್ಟು ವರ್ಷ ಕಾದಿದ್ದನೋ ಆ ಪ್ರಶ್ನೆ ಅಲ್ಲೇ ಸತ್ತಿತು.

ಗುರುಸಿದ್ದಯ್ಯ ಸಣಕಲು ಮನುಷ್ಯ, ದಪ್ಪ ಕನ್ನಡಕ. ಮೇಜಿನ ಮೇಲೆ ಕಡತ ಬಿಚ್ಚಿತ್ತು. ಅದರೊಳಗೆ ಮೂಲ ಕಾಗದ, ನೀಲಿ ಇಂಕಿನದು, ಹಿಂದಕ್ಕೆ ವಾಲಿದ ಅಕ್ಷರ.

‘ಇದರಲ್ಲಿರೋ ಗಂಗರಾಜು ನೀವೇನಾ?’

‘ಹೌದು ಸಾರ್.’

‘ಹತ್ತೊಂಬತ್ತು ಗೋಲು ನೀವೇ ಹೊಡೆದದ್ದು ಅಂತ ಬರೆದಿದ್ದಾರೆ. ನಿಜ ಹೇಳಿ. ಅವತ್ತು ನಿಮಗೆ ಅನ್ಯಾಯ ಆಗಿದ್ರೆ ಹೇಳೋಕೆ ಇದೇ ಜಾಗ.’

ಏಳು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅಪ್ಪ ಕೇಳಲಿಲ್ಲ, ಕಾಲೇಜು ಕೇಳಲಿಲ್ಲ. ಕೇಳುವವನು ಬಂದು ಎದುರಿಗೆ ಕೂತಿದ್ದ, ಪೆನ್ನು ಹಿಡಿದು, ಬರೆದುಕೊಳ್ಳಲು ತಯಾರಾಗಿ. ಹೌದು ಅನ್ನುವ ಒಂದು ಮಾತು ಗಂಗರಾಜುವಿನ ನಾಲಿಗೆಯ ತುದಿಗೆ ಬಂತು. ಅದರ ಹಿಂದೆಯೇ ಬಾಗಿಲಲ್ಲಿ ಕಾಫಿ ಹಿಡಿದು ನಿಂತ ಶಶಿ ಬಂದಳು, ಅವಳ ಆರು ತಿಂಗಳ ಹೊಟ್ಟೆ ಬಂತು.

‘ನಾನ್ ಆಡ್ತಿರ್ಲಿಲ್ಲ ಸಾರ್. ನೋಡೋಕ್ ಹೋಗ್ತಿದ್ದೆ.’

‘ಫೈನಲ್ ನೋಡಿದ್ರಾ? ಕೊನೇ ಗೋಲು ಹೆಂಗೆ ಬಂತು?’

ಗಂಗರಾಜು ಹೇಳಿದ. ಕಾರ್ನರ್ ಹೇಗೆ ಎತ್ತರವಾಗಿ ಬಂತು, ಬಿಸಿಲು ಕಣ್ಣಿಗೆ ಹೇಗೆ ಬಡಿಯುತ್ತಿತ್ತು, ಚೆಂಡು ಎದೆಗೆ ತಾಗಿ ಇಳಿಯುವಾಗ ಹೊಲಿಗೆ ಯಾವ ಕಡೆಗಿತ್ತು. ಹೇಳುತ್ತ ಹೇಳುತ್ತ ಮೇಜಿನ ಕೆಳಗೆ ಅವನ ಎಡಗಾಲು ಎದ್ದು ಕುರ್ಚಿಯ ಕಾಲಿಗೆ ಬಡಿಯಿತು. ಅಲ್ಲಿಗೆ ನಿಲ್ಲಿಸಿದ. ‘ಹೊಡೆದೋರು ದಯಾನಂದ ಅವ್ರೇ ಸಾರ್.’

ಗುರುಸಿದ್ದಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ‘ನೋಡೋಕ್ ಹೋದವರಿಗೆ ಚೆಂಡಿನ ಹೊಲಿಗೆ ಕಾಣುತ್ತಾ?’

ಗಂಗರಾಜು ಎಡಗಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

‘ವಾಚು ಬಲಗೈಗೆ ಕಟ್ಟಿದೀರಿ. ಎಡಚರಾ?’

‘ಡ್ರೈವರ್ ಸಾರ್. ಗೇರ್ ಹಾಕೋ ಕೈಗೆ ವಾಚು ಅಡ್ಡ ಬರುತ್ತೆ.’

ಅಧಿಕಾರಿ ಬಿಳಿ ಹಾಳೆ ಮುಂದಿಟ್ಟರು. ‘ಹೇಳಿದ್ದನ್ನು ನಿಮ್ಮ ಕೈಯಲ್ಲೇ ಬರೆದು ಸಹಿ ಮಾಡಿ.’

ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು ಎಡಗೈ ಗೆಣ್ಣಿಗೆ ಹೊಡೆದು ಹೊಡೆದು ಒಂದು ವರ್ಷ ಬಲಗೈಯಲ್ಲಿ ಬರೆಸಿದ್ದರು. ಆ ಏಟು ಇಷ್ಟು ವರ್ಷದ ಮೇಲೆ ಉಪಯೋಗಕ್ಕೆ ಬಂತು. ಬಲಗೈಯಲ್ಲಿ ಪೆನ್ನು ಹಿಡಿದು, ಒಂದನೇ ಕ್ಲಾಸಿನ ಹುಡುಗನಂತೆ ಒಂದೊಂದೇ ಅಕ್ಷರ ತಿದ್ದಿ ಬರೆದ. ‘ನಾನು ಯಾವತ್ತೂ ಫುಟ್‌ಬಾಲ್ ಆಡಿಲ್ಲ. ಆ ವರ್ಷದ ಶ್ರೇಷ್ಠ ಆಟಗಾರ ದಯಾನಂದರೇ.’ ಬೆವರು ಹಾಳೆಯ ಮೇಲೆ ಬಿತ್ತು. ಕೆಳಗೆ ಸಹಿ ಮಾಡಿದ. ಅವನ ಹೆಸರು ಕೊನೆಗೂ ಒಂದು ಸರ್ಕಾರಿ ಹಾಳೆಯ ಮೇಲೆ ಬಂತು, ಹೀಗೆ ಬಂತು.

ಗುರುಸಿದ್ದಯ್ಯ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಕಡತ ಕಟ್ಟಿದರು. ‘ಸಾಕ್ಷಿನೇ ಇಲ್ಲ ಅಂದಮೇಲೆ ನಾನೇನ್ ಮಾಡ್ಲಿ. ಹೋಗಿ. ಹೊಟ್ಟೆಕಿಚ್ಚಿನ ಅರ್ಜಿ ಅಂತ ಬರೀತೀನಿ.’ ದಯಾನಂದನಿಗೆ ಒದ್ದು ತೋರಿಸಿ ಎಂದು ಯಾರೂ ಕೇಳಲೇ ಇಲ್ಲ.

ಮಧ್ಯಾಹ್ನ ಮರಳೂರಿನ ಮನೆಯಲ್ಲಿ ಒಬ್ಬಟ್ಟಿನ ಊಟ. ಶಶಿರೇಖಾ ಶೋಕೇಸಿನಿಂದ ಶೀಲ್ಡು ತೆಗೆದು ಒರೆಸಿ, ಕುಂಕುಮ ಹಚ್ಚಿ, ದೇವರ ಮುಂದೆ ಇಟ್ಟಿದ್ದಳು. ಭಾವಂದಿರಿಬ್ಬರೂ ಎದುರುಬದುರು ಎಲೆಯ ಮುಂದೆ ಕೂತರು. ಅವಳು ಬಗ್ಗಲಾರದೆ ಬಗ್ಗಿ ತುಪ್ಪ ಬಡಿಸಿದಳು.

‘ಇಷ್ಟೆಲ್ಲ ಮಾಡಿದ್ನಲ್ಲ ಆ ಪಾಪಿ, ಯಾವನೋ ಏನೋ. ನಿನ್ ಹೆಸ್ರು ಬೇರೆ ಸೇರ್ಸವ್ನೆ, ಅಣ್ಣ ತಂಗೀಗೇ ತಂದಿಡಾಕೆ. ಆ ಕಾಗ್ದ ಬರ್ದೋನ ಕೈ ಲಕ್ವಾ ಹೊಡ್ದು ಸೇದೋಗ.’

‘ಬುಡೆ ಶಶಿ,’ ದಯಾನಂದ ಎಲೆಯಿಂದ ತಲೆ ಎತ್ತಲಿಲ್ಲ. ‘ಉಣ್ಣೋ ಹೊತ್ನಲ್ಲಿ ಅಂಥ ಮಾತು ಬೇಡ.’

‘ಯಾಕ್ ಬೇಡ? ನನ್ ಮಗೂನ ಬೀದೀಗ್ ಹಾಕ್ತಿದ್ದ. ಅಣ್ಣಯ್ಯ, ನೀನೂ ಒಂದ್ ಮಾತು ಅನ್ನು. ನ್ಯಾಯ ಹೇಳಿದ ಬಾಯಿ ನಿಂದು, ತಟ್ಟೇ ತಟ್ಟುತ್ತೆ.’

‘ಬೇಡ ಅಂದ್ನಲ್ಲ,’ ಎಂದ ದಯಾನಂದ, ಈ ಸಲ ಗಟ್ಟಿಯಾಗಿ. ಅಂದು ಗಂಗರಾಜುವಿನ ಮುಖ ನೋಡಿದ. ಬಟವಾಡಿಯ ರೂಮಿನಲ್ಲಿ ಎರಡು ವರ್ಷ ಒಂದೇ ದೀಪದ ಕೆಳಗೆ ಕೂತು ಓದಿದವರು. ಹಿಂದಕ್ಕೆ ವಾಲುವ ಅಕ್ಷರ ಯಾರದೆಂದು ಅವನಿಗೆ ಜೆರಾಕ್ಸು ಕೈಗೆ ಬಂದ ದಿನವೇ ಗೊತ್ತಾಗಿತ್ತು. ಗೊತ್ತಿದ್ದೂ ಕುಣಿಗಲ್ಲಿಗೆ ಬಂದಿದ್ದ, ಗೊತ್ತಿದ್ದೂ ‘ನೀನಲ್ಲ ತಾನೆ’ ಅಂದಿದ್ದ. ಅದು ಗಂಗರಾಜುವಿಗೆ ಈಗ ಗೊತ್ತಾಯಿತು.

‘ಅನ್ನಣ್ಣ,’ ಶಶಿರೇಖಾ ಒಬ್ಬಟ್ಟು ಹಿಡಿದುಕೊಂಡೇ ನಿಂತಿದ್ದಳು. ‘ನನ್ ಸಮಾಧಾನಕ್ಕೆ.’

ಗಂಗರಾಜು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

‘ಸೇದೋಗ್ಲಿ,’ ಎಂದ.

ಅವಳಿಗೆ ಸಮಾಧಾನವಾಯಿತು. ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು.